ನೇಗಿಲು, ಲೇತು ಮತ್ತು ನೌಕರಿಯ ಭದ್ರತೆ



ಈಚೆಗೆ ಬ್ಯಾಡಗಿಯ ಮದುವೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಭೇಟಿಯಾದ. ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ಅವನ ಮಗನ ಕಂಪನಿಯಲ್ಲಿ ಉದ್ಯೋಗ ಕಡಿತ ಆರಂಭವಾಗಿದೆಯಂತೆ. “ಸರ್, ಹೊಸಾದು ವಿಚಾರ ಮಾಡೋ ಹುಡುಗನ್ನ ಕಂಪನಿಯವರು ಬಿಡೂದಿಲ್ಲ, ಅಲ್ರೀ?” ಎಂದು ಕೇಳಿದ. ಹೌದೆನ್ನಲು ನನಗೆ ಧೈರ್ಯ ಬರಲಿಲ್ಲ. ಇತಿಹಾಸ ಕಲಿಸಿದವನಿಗೆ ಇದರ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಗಡಿಯಲ್ಲಿ ತುಂಗಭದ್ರೆಯನ್ನು ದಾಟಿದರೆ ಸಾಕು.

1956ರವರೆಗೆ ಆ ಹೊಳೆಯ ಈಚೆಗೆ ಮುಂಬಯಿ ರಾಜ್ಯ, ಆಚೆಗೆ ಮೈಸೂರು. ಆಚೆ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಮಹಾಯುದ್ಧದಿಂದಾಗಿ ವಿದೇಶಿ ಯಂತ್ರಗಳು ದುರ್ಲಭವಾಗಿದ್ದ ಕಾಲದಲ್ಲಿ ಇಲ್ಲಿ ಲೇತುಗಳು ತಯಾರಾದವು.

ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಮುಂಬಯಿಯ ತಾಂತ್ರಿಕ ಸಂಸ್ಥೆಯೊಂದರಲ್ಲಿ ನನ್ನಂತೆಯೇ ಮೇಷ್ಟರಾಗಿದ್ದರು. ಬರಬೇಕಾಗಿದ್ದ ಬಡ್ತಿ ಮತ್ತೊಬ್ಬರ ಪಾಲಾದಾಗ ನೌಕರಿಯನ್ನೇ ತೊರೆದರು. ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದರಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ನೌಕರಿ ಹೋದರೇನೇ ಪ್ರತಿಭೆ ಹೊರಬರುತ್ತದೆ ಎಂಬುದಕ್ಕೆ ಈ ಕಥೆಯನ್ನು ಉದಾಹರಿಸುವವರುಂಟು. ಆದರೆ ಬೆಳಗಾವಿಯಲ್ಲಿ ಸೋದರನೊಂದಿಗೆ ನಡೆಸುತ್ತಿದ್ದ ಸೈಕಲ್ ಅಂಗಡಿಯೊಂದು ಅವರಿಗಿತ್ತೆಂಬುದನ್ನು ಮರೆಯಬಾರದು. ಹಿಂದೆ ಆಸರೆಯೊಂದಿದ್ದುದರಿಂದಲೇ ಸೋಲನ್ನು ತಾಳಿಕೊಂಡು ಮತ್ತೆ ಪ್ರಯತ್ನಿಸಲು ಸಾಧ್ಯವಾಯಿತು.

ಹರಿಹರದ ಕಾರ್ಮಿಕರಿಗೆ ಅಂಥ ಆಸರೆ ಎಲ್ಲಿತ್ತು? 1991ರ ನಂತರ ಆಮದು ಸುಂಕ ಇಳಿಯಿತು. ಕಂಪ್ಯೂಟರ್ ನಿಯಂತ್ರಿತ ವಿದೇಶಿ ಯಂತ್ರಗಳು ಬಂದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತೇ ಹೋಯಿತು. ಅಲ್ಲಿನ ಟರ್ನರು, ಫಿಟ್ಟರುಗಳ ಕೈಚಳಕವೇನೂ ಕುಂದಿರಲಿಲ್ಲ. ಕುಶಲನೆಂಬ ಕಾರಣಕ್ಕೆ ಯಾರ ಕೆಲಸವೂ ಉಳಿಯಲಿಲ್ಲ.

ದೂರದ ಊರಿನ ಬೇರೊಂದು ಕಾರ್ಖಾನೆಯಲ್ಲಿ ಫಿಟ್ಟರನಾಗಿದ್ದ ನನ್ನ ವಿದ್ಯಾರ್ಥಿಯೊಬ್ಬನ ಅನುಭವ ಇನ್ನೂ ಕಹಿಯಾದುದು. ಬಿಡಿಭಾಗವನ್ನು ಬೇಗ ಬಿಗಿಹಿಡಿಯುವ ಸಾಧನವೊಂದನ್ನು ಅವನೇ ಯೋಚಿಸಿ ಮಾಡಿದ. ಶಾಲು ಹೊದಿಸಿ ಸನ್ಮಾನಿಸಿದರು. ಮರುವರ್ಷ ‘ಹೆಚ್ಚುವರಿ’ ನೌಕರರ ಪಟ್ಟಿ ಬಂದಾಗ, ಆ ಸಾಧನದಿಂದಾಗಿ ಬೇಡವಾದ ಇಬ್ಬರು ಗೆಳೆಯರ ಹೆಸರು ಅದರಲ್ಲಿತ್ತು. “ಆಮೇಲೆ ಯಾರೂ ಬಾಯಿ ಬಿಡಲಿಲ್ಲ ಸರ್. ಗೊತ್ತಿದ್ದದ್ದನ್ನೂ ಮುಚ್ಚಿಟ್ಟೆವು” ಎಂದಿದ್ದ. ನೌಕರರಲ್ಲಿ ಸೃಜನಶೀಲತೆಯಿಲ್ಲವೆಂದು ದೂರುವವರು ಈ ಮಾತನ್ನು ಕೇಳಬೇಕು.

ಕಾನೂನೂ ಬುದ್ಧಿಯನ್ನು ಅಳೆಯುವುದಿಲ್ಲ, ವರ್ಷಗಳನ್ನು ಎಣಿಸುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಾದ ತಿದ್ದುಪಡಿ, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ನೀಡಬೇಕೆಂದಿತು; ಕೊನೆಗೆ ಸೇರಿದವನನ್ನು ಮೊದಲು ತೆಗೆಯಬೇಕೆಂಬ ಸಾಮಾನ್ಯ ನಿಯಮವನ್ನೂ ತಂದಿತು. ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದುದು 100 ಕಾರ್ಮಿಕರಿದ್ದ ಕಾರ್ಖಾನೆಗೆ; 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಆ ಸಂಖ್ಯೆ 300ಕ್ಕೇರಿದೆ. ಕೆಲಸ ಕಳೆದುಕೊಂಡವನ ಮರುತರಬೇತಿಗಾಗಿ ಮಾಲೀಕರು 15 ದಿನಗಳ ವೇತನ ಕೊಡಬೇಕೆಂಬ ಹೊಸ ನಿಯಮವೂ ಅದರಲ್ಲಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗಾದರೋ ಸುಗ್ಗಿ ಮುಗಿದರೆ ಕೆಲಸವೂ ಮುಗಿಯಿತು. ಅಲ್ಲಿ ನೋಟಿಸಿನ ಮಾತೇ ಇಲ್ಲ.

ಮದುವೆಯ ಮನೆಯಲ್ಲಿ ಆ ತಂದೆಗೆ ನಾನು ಹೇಳಿದ್ದು ಇಷ್ಟೆ: “ನಿನ್ನ ಮಗ ಹೊಸದನ್ನು ಯೋಚಿಸುವುದನ್ನು ಬಿಡದಿರಲಿ, ಅದು ನೌಕರಿಯನ್ನು ಉಳಿಸುತ್ತದೆಂದು ಮಾತ್ರ ನಂಬದಿರಲಿ. ನಾಲ್ಕಾರು ತಿಂಗಳಿನ ಖರ್ಚಿಗೆ ಹಣ ಕೂಡಿಡಲಿ. ಪಟ್ಟಿಯಲ್ಲಿ ಹೆಸರು ಬಂದರೆ ತಾನು ದಡ್ಡನೆಂದು ಭಾವಿಸದಿರಲಿ, ನೀವೂ ಹಾಗೆ ಭಾವಿಸಬೇಡಿ. ಮನೆಯ ಬಾಗಿಲು ತೆರೆದಿದೆ ಎಂದು ಇವತ್ತೇ ಫೋನ್ ಮಾಡಿ ಹೇಳು.”

ಅವನು ಊಟಕ್ಕೆ ಕೂರುವ ಮೊದಲೇ ಫೋನ್ ಮಾಡಿದ. ನಿಮ್ಮಲ್ಲಿಯೂ ಯಾರಾದರೂ ಇದೇ ಆತಂಕದಲ್ಲಿದ್ದರೆ, ಸಂಕೋಚಪಡದೆ ನನಗೆ ಬರೆಯಿರಿ.