ಬಿಸಿಲನ್ನು ಅಂಗಡಿಯೊಳಕ್ಕೆ ತಿರುಗಿಸಿದ ಗಾಜು

ಇವತ್ತು ಒಂದು ಗಾಜಿನ ಬಿಲ್ಲೆಯ ಕಥೆ. ನಾಲ್ಕು ಇಂಚು ಉದ್ದ, ನಾಲ್ಕು ಇಂಚು ಅಗಲ, ಅಷ್ಟೇ. ಒಂದು ಕಡೆ ಹೆಚ್ಚುಕಮ್ಮಿ ಸಪಾಟು, ಇನ್ನೊಂದು ಕಡೆ ಗರಗಸದ ಹಲ್ಲಿನಂಥ ಸಾಲುಗಳು. ಬಿಸಿಲನ್ನು ಕಟ್ಟಡದ ಒಳಗೆ ತಿರುಗಿಸೋದೇ ಇದರ ಕೆಲಸ.

ಹಗಲಿನ ಬೆಳಕು ಪುಕ್ಕಟೆ ಅಂತ ನಾವು ಅಂದ್ಕೊಂಡಿದ್ದೀವಿ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಗೆ ಎಷ್ಟು ಕಿಟಕಿ ಇದೆ ಅಂತ ಎಣಿಸಿ ತೆರಿಗೆ ಹಾಕ್ತಿದ್ರು. ಜನ ಏನ್ ಮಾಡಿದ್ರು? ಕಿಟಕಿಗಳಿಗೇ ಇಟ್ಟಿಗೆ ಕಟ್ಟಿಬಿಟ್ರು.

ಅಮೆರಿಕದ ನಗರಗಳ ಕಷ್ಟ ಬೇರೆ ಥರದ್ದು. ಅಲ್ಲಿ ರಸ್ತೆ ಕಡೆಯ ಜಾಗ ದುಬಾರಿ. ಹಾಗಾಗಿ ಅಂಗಡಿಗಳ ಮುಖ ಕಿರಿದು, ಒಳಗೆ ಮಾತ್ರ ಉದ್ದಕ್ಕೆ ಹೋಗ್ತಾನೇ ಇರುತ್ತೆ. ಫುಟ್‌ಪಾತಿನ ಅಡಿಗೂ ನೆಲಮಾಳಿಗೆ ತೋಡಿದ್ರು. ಅಲ್ಲಿ ಕೆಲಸ ಮಾಡೋರಿಗೆ ನಡುಮಧ್ಯಾಹ್ನವೂ ಗ್ಯಾಸ್ ದೀಪವೇ ಗತಿ. ಮಸಿ, ಸೆಕೆ, ಜೊತೆಗೆ ಬೆಂಕಿಯ ಭಯ.

1845ರಲ್ಲಿ ಥಡ್ಡಿಯಸ್ ಹಯಾಟ್ ಅನ್ನೋರು ಒಂದು ಪೇಟೆಂಟ್ ತಗೊಂಡ್ರು: ಕಬ್ಬಿಣದ ತಟ್ಟೆಯಲ್ಲಿ ದಪ್ಪ ಗಾಜಿನ ಗುಂಡುಗಳನ್ನು ಕೂರಿಸಿ ಫುಟ್‌ಪಾತಿಗೆ ಹಾಸೋದು. ಮೇಲೆ ಜನ ನಡೀತಾರೆ, ಕೆಳಗೆ ಬೆಳಕು ಬೀಳುತ್ತೆ. ಹಯಾಟ್ ಇದರಲ್ಲಿ ಚೆನ್ನಾಗಿ ದುಡಿದ್ರು. ಅಂದಹಾಗೆ, ಈ ಮನುಷ್ಯ ಗುಲಾಮಗಿರಿಯ ಕಡು ವಿರೋಧಿ. ಜಾನ್ ಬ್ರೌನ್ ದಂಗೆಯ ಬಗ್ಗೆ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಲ್ಲ ಅಂತ 1860ರಲ್ಲಿ ಜೈಲಿಗೂ ಹೋಗಿಬಂದ್ರು. ಅವರದ್ದೇ ಒಂದು ಸಂಚಿಕೆ ಮಾಡಬಹುದು!

ಆದ್ರೆ ಆ ಚಪ್ಪಟೆ ಗಾಜಿನಿಂದ ಬೆಳಕು ನೇರ ಕೆಳಕ್ಕೆ ಬೀಳ್ತಿತ್ತು. ನಾಲ್ಕು ಹೆಜ್ಜೆ ಆಚೆ ಹೋದ್ರೆ ಮತ್ತೆ ಕತ್ತಲೆ. ಮಾಮೂಲಿ ಕಿಟಕಿಯದ್ದೂ ಅದೇ ಕಥೆ: ಆಕಾಶದ ಬೆಳಕು ಓರೆಯಾಗಿ ಇಳಿದು ಕಿಟಕಿ ಹತ್ತಿರದ ನೆಲಕ್ಕೇ ಬಿದ್ದು ಮುಗಿಯುತ್ತೆ.

ಇಲ್ಲಿ ಬರುತ್ತೆ ನಮ್ಮ ಬಿಲ್ಲೆ. ಜೇಮ್ಸ್ ಪೆನಿಕ್ವಿಕ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದ್ರು. ಸ್ಕೂಲಿನಲ್ಲಿ ನೋಡಿದ ಪ್ರಿಸಂ ನೆನಪಿದೆಯಲ್ಲ, ಅದೇ ತತ್ವ. ಮೇಲಿಂದ ಬಂದ ಬೆಳಕು ಗಾಜಿನ ಹಲ್ಲುಗಳಲ್ಲಿ ಬಾಗಿ, ನೆಲಕ್ಕೆ ಬೀಳದೆ ಅಡ್ಡಡ್ಡ ಸಾಗಿ ಅಂಗಡಿಯ ಹಿಂಬದಿ ತಲುಪುತ್ತೆ. 1897ರ ಹೊತ್ತಿಗೆ ಷಿಕಾಗೋದ ಲಕ್ಸ್‌ಫರ್ ಕಂಪನಿ ಇದನ್ನು ಮಾರೋಕೆ ಶುರುಮಾಡಿತ್ತು. ಹೆಸರು ಲ್ಯಾಟಿನ್ನಿನದು: ಬೆಳಕು ಹೊತ್ತು ತರೋದು ಅಂತ. ಬಿಲ್ಲೆಗಳ ನಡುವೆ ತಾಮ್ರದ ಪಟ್ಟಿ ಇಟ್ಟು, ವಿದ್ಯುತ್ ಲೇಪನದಿಂದ ಬೆಸೆದು, ಶೋಕೇಸಿನ ಮೇಲ್ಭಾಗದಲ್ಲಿ ಕೂರಿಸ್ತಿದ್ರು. ಯಾವ ಕೋನದ ಹಲ್ಲು, ಎಷ್ಟು ಬಿಲ್ಲೆ ಬೇಕು ಅಂತ ಲೆಕ್ಕ ಹಾಕೋಕೆ ಭೌತಶಾಸ್ತ್ರದ ಪ್ರೊಫೆಸರ್ ಹೆನ್ರಿ ಕ್ರೂ ಜೊತೆಗೂಡಿ ಬರೆದ ಕೈಪಿಡಿಯೇ ಇತ್ತು. ಆಗಿನ್ನೂ 30ರ ಹರೆಯದ ಫ್ರಾಂಕ್ ಲಾಯ್ಡ್ ರೈಟ್ ಬಿಲ್ಲೆಗಳಿಗೆ 41 ವಿನ್ಯಾಸ ಮಾಡಿಕೊಟ್ಟರು. ಹೌದು, ಮುಂದೆ ಜಗತ್ಪ್ರಸಿದ್ಧರಾದ ಆ ಆರ್ಕಿಟೆಕ್ಟೇ.

ಮತ್ತೆ ಏನಾಯ್ತು? ಕರೆಂಟ್ ಅಗ್ಗವಾಯ್ತು. ಗಾಜು ಕೆಲಸ ನಿಲ್ಲಿಸಲಿಲ್ಲ, ಅದರ ಅಗತ್ಯ ಮಾತ್ರ ಯಾರಿಗೂ ಕಾಣಲಿಲ್ಲ. ಎಷ್ಟೋ ಕಡೆ ಅದರ ಮೇಲೇ ಬೋರ್ಡ್ ಹೊಡೆದ್ರು, ಒಳಗಡೆ ಫಾಲ್ಸ್ ಸೀಲಿಂಗ್ ಇಳಿಬಿಟ್ರು. ನನಗೆ ಇದು ಪ್ರಗತಿಗಿಂತ ಸೋಮಾರಿತನ ಅನ್ಸುತ್ತೆ. ಹೊರಗೆ ಸುಡುಬಿಸಿಲು, ಒಳಗೆ ಟ್ಯೂಬ್‌ಲೈಟ್. ನಾನು ಕೂತು ಇದನ್ನು ರೆಕಾರ್ಡ್ ಮಾಡ್ತಿರೋ ರೂಮೂ ಹಾಗೇ ಇದೆ, ಬಿಡಿ. ಉಳಿದ ಹಳೇ ಗಾಜು ಎಷ್ಟೋ ಕಡೆ ನೇರಳೆಯಾಗಿದೆ. ಗಾಜಿನ ಹಸಿರು ಛಾಯೆ ತೆಗೆಯೋಕೆ ಬೆರೆಸಿದ್ದ ಮ್ಯಾಂಗನೀಸ್, ದಶಕಗಳ ಬಿಸಿಲಿಗೆ ಬಣ್ಣ ಬಿಟ್ಟಿದೆ.

2002ರಲ್ಲಿ ಬ್ರೆಜಿಲ್‌ನ ಉಬೆರಾಬಾದಲ್ಲಿ ಕರೆಂಟ್ ಪದೇಪದೇ ಹೋಗ್ತಿದ್ದಾಗ, ಆಲ್ಫ್ರೆಡೊ ಮೋಸರ್ ಅನ್ನೋ ಮೆಕ್ಯಾನಿಕ್ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಪಾಚಿ ಕಟ್ಟದಿರಲಿ ಅಂತ ಎರಡು ಮುಚ್ಚಳ ಬ್ಲೀಚ್ ಹಾಕಿ, ಚಾವಣಿಗೆ ತೂತು ಕೊರೆದು ಸಿಕ್ಕಿಸಿದ್ರು. ಮೇಲಿನ ಬಿಸಿಲು ನೀರಿನಲ್ಲಿ ಬಾಗಿ ಕೋಣೆಯೆಲ್ಲಾ ಹರಡಿತು. ಬಿಸಿಲು ಚೆನ್ನಾಗಿದ್ರೆ 40ರಿಂದ 60 ವ್ಯಾಟ್ ಬಲ್ಬಿನಷ್ಟು ಬೆಳಕು. 2011ರಿಂದ ಫಿಲಿಪ್ಪೀನ್ಸ್‌ನಲ್ಲಿ ತಗಡಿನ ಮನೆಗಳಿಗೆ ಇದು ಸಾವಿರಗಟ್ಟಲೆ ಬಂತು. ರಾತ್ರಿಗೆ ಆಗಲ್ಲ, ಮೇಲೊಂದು ಮಹಡಿ ಇದ್ದರೂ ಆಗಲ್ಲ. ಕಿಟಕಿಯೇ ಇಲ್ಲದ ಮನೆಯಲ್ಲಿ ಹಗಲು ಹೊತ್ತು ಮಕ್ಕಳು ಓದಬಹುದು. ಮೋಸರ್‌ಗೆ ಅಕ್ಕಪಕ್ಕದ ಮನೆಗಳಲ್ಲಿ ಬಾಟಲಿ ಕೂರಿಸಿಕೊಟ್ಟಾಗ ಸಿಕ್ಕಿದ ಚಿಲ್ಲರೆ ಬಿಟ್ಟರೆ, ಇದರಿಂದ ದೊಡ್ಡ ದುಡ್ಡೇನೂ ಬರಲಿಲ್ಲ.