ಹೊಸ ಟಾರಸ್‌ಗಾಗಿ ಕಾದ ವರ್ಷಗಳು

ಫೋರ್ಡ್ ಕಂಪನಿಯ ಟಾರಸ್ ಕಾರು 1985ರ ಡಿಸೆಂಬರ್ 26ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮಧ್ಯಮ ಗಾತ್ರದ, ಸಂಸಾರಸ್ಥರಿಗೆಂದೇ ಮಾಡಿದ ಸೆಡಾನ್ ಅದು. ಮುಂದಿನ ಹತ್ತು ವರ್ಷಗಳಲ್ಲಿ ಅದು ಎರಡು ಬಾರಿ ರೂಪ ಬದಲಿಸಿತು. ಎರಡನೆಯ ಬದಲಾವಣೆಗಾಗಿ ಇಡೀ ಉದ್ಯಮವೇ ಕಾದು ಕುಳಿತಿತ್ತು. ಜನ ಮೆಚ್ಚಿದ ಕಾರಿಗೆ ಹೊಸ ರೂಪ ಕೊಡುವ ಕೆಲಸ ಎಷ್ಟು ಕಠಿಣ ಎಂಬುದಕ್ಕೆ ಮೋಟಾರು ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲ ಟಾರಸ್ ಹುಟ್ಟಿದ್ದು ಸಂಕಟದಲ್ಲಿ. 1980ರಿಂದ 1982ರವರೆಗಿನ ಮೂರು ವರ್ಷಗಳಲ್ಲಿ ಫೋರ್ಡ್ 300 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅನುಭವಿಸಿತು. ಪೆಟ್ರೋಲ್ ದುಬಾರಿಯಾಗಿತ್ತು, ಗಿರಾಕಿಗಳು ಜಪಾನಿನ ಕಾರುಗಳತ್ತ ಹೊರಳಿದ್ದರು. ಹೋಂಡಾ ಕಂಪನಿಯಂತೂ 1982ರ ನವೆಂಬರ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲೇ ತನ್ನ ಅಕಾರ್ಡ್ ಕಾರನ್ನು ತಯಾರಿಸತೊಡಗಿತು. ಇಂಥ ಹೊತ್ತಿನಲ್ಲಿ ಫೋರ್ಡ್ ಸುಮಾರು 300 ಕೋಟಿ ಡಾಲರ್ ಹಣವನ್ನು ಒಂದೇ ಯೋಜನೆಗೆ ಸುರಿಯಿತು. ಅದರ ಮುಖ್ಯಸ್ಥ ಲ್ಯೂ ವೆರಾಲ್ಡಿ ಹಳೆಯ ಪದ್ಧತಿಯನ್ನು ಬದಲಿಸಿದರು. ಅಲ್ಲಿಯವರೆಗೆ ವಿನ್ಯಾಸಕಾರರು ಚಿತ್ರ ಬರೆದು ಎಂಜಿನಿಯರುಗಳಿಗೆ ಕೊಡುತ್ತಿದ್ದರು, ಎಂಜಿನಿಯರುಗಳು ಅದನ್ನು ಕಾರ್ಖಾನೆಗೆ ದಾಟಿಸುತ್ತಿದ್ದರು. ಒಬ್ಬರ ತೊಂದರೆ ಇನ್ನೊಬ್ಬರಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. ವೆರಾಲ್ಡಿ ಇವರೆಲ್ಲರನ್ನೂ ಮೊದಲ ದಿನದಿಂದಲೇ ಒಂದು ತಂಡವಾಗಿ ಕೂರಿಸಿದರು. ಬಿಡಿಭಾಗ ಒದಗಿಸುವವರನ್ನೂ ಕಾರ್ಖಾನೆಯ ಕಾರ್ಮಿಕರನ್ನೂ ಕರೆದು ಸಲಹೆ ಕೇಳಿದರು. ಬೇರೆ ಕಂಪನಿಗಳ ಒಳ್ಳೆಯ ಕಾರುಗಳನ್ನು ತಂದು, ಬಿಚ್ಚಿ, ಯಾವುದರಲ್ಲಿ ಏನು ಉತ್ತಮ ಎಂದು ಅಭ್ಯಾಸ ಮಾಡಿದರು. ಮಾಲೀಕರೇ ಎಣ್ಣೆ, ನೀರಿನ ಮಟ್ಟ ನೋಡಿಕೊಳ್ಳಲು ಅನುಕೂಲವಾಗಲೆಂದು ಬಾನೆಟ್ ಕೆಳಗಿನ ಆ ಜಾಗಗಳಿಗೆ ಹಳದಿ ಬಣ್ಣ ಕೊಟ್ಟದ್ದು ಚಿಕ್ಕ ಸಂಗತಿಯಾದರೂ ಆ ತಂಡದ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ.

ವಿನ್ಯಾಸಕಾರ ಜ್ಯಾಕ್ ಟೆಲ್ನ್ಯಾಕ್ ನೇತೃತ್ವದಲ್ಲಿ ರೂಪುಗೊಂಡ ಮೈಕಟ್ಟು ದುಂಡಗಿತ್ತು. ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತಿತ್ತು. ಮೂಲೆಮೂಲೆಯಾದ ಕಾರುಗಳಿಗೆ ಒಗ್ಗಿದ್ದ ಕಣ್ಣುಗಳಿಗೆ, ಮುಂಭಾಗದಲ್ಲಿ ಗ್ರಿಲ್ಲೇ ಇಲ್ಲದ ಈ ಕಾರು ಬೇರೆ ಕಾಲದಿಂದ ಬಂದಂತೆ ಕಂಡಿತು. 1987ರ ‘ರೋಬೋಕಾಪ್’ ಚಿತ್ರದಲ್ಲಿ ಭವಿಷ್ಯದ ಪೊಲೀಸ್ ವಾಹನವಾಗಿ ಟಾರಸ್ಸನ್ನೇ ಬಳಸಿದರು. ಮೊದಲ ವರ್ಷವೇ 2 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು.

1992ರ ಮಾದರಿಗೆ ಬಂದ ಬದಲಾವಣೆ ಎಚ್ಚರಿಕೆಯದು. ಹೊರಗಿನ ತಗಡುಗಳು ಬಹುಮಟ್ಟಿಗೆ ಹೊಸವು, ಚಹರೆ ಮಾತ್ರ ಹಳೆಯದೇ. ಜನ ಒಪ್ಪಿಕೊಂಡರು. 1989ರಿಂದ ಅಮೆರಿಕದ ಕಾರು ಮಾರಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಅಕಾರ್ಡನ್ನು ಟಾರಸ್ 1992ರಲ್ಲಿ ಹಿಂದಿಕ್ಕಿತು. ವರ್ಷದ ಕೊನೆಯ ವಾರಗಳಲ್ಲಿ ಎರಡೂ ಕಂಪನಿಗಳು ರಿಯಾಯಿತಿ ಕೊಟ್ಟು ಪೈಪೋಟಿಗೆ ಇಳಿದಿದ್ದವು.

ಆದರೆ ಫೋರ್ಡ್ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಅಕಾರ್ಡ್ ಅಲ್ಲ, 1991ರ ಕೊನೆಯಲ್ಲಿ ಬಂದ ಟೊಯೋಟಾ ಕ್ಯಾಮ್ರಿ. ಜಪಾನಿನ ನಿಯಮದ ಪ್ರಕಾರ ಕಾರಿನ ಅಗಲ 1.7 ಮೀಟರ್ ದಾಟಿದರೆ ಅದು ದೊಡ್ಡ ಕಾರುಗಳ ವರ್ಗಕ್ಕೆ ಸೇರುತ್ತದೆ. ಟೊಯೋಟಾ ತವರಿಗೆ ಕಿರಿದಾದ ಕ್ಯಾಮ್ರಿಯನ್ನು ಬೇರೆಯಾಗಿಯೇ ಮಾಡಿ, ಅಮೆರಿಕಕ್ಕೆ ಅಗಲವಾದದ್ದನ್ನು ಕೊಟ್ಟಿತು. ಅದರ ಬಾಗಿಲು ಮುಚ್ಚುವ ಸದ್ದು, ಒಳಗಿನ ನಿಶ್ಶಬ್ದ, ಬಿಡಿಭಾಗಗಳ ನಡುವಿನ ಸಮನಾದ ಸಂದು ಎಲ್ಲವೂ ದುಬಾರಿ ಕಾರುಗಳ ಮಟ್ಟದವು. ಡಿಎನ್101 ಎಂಬ ಗುಪ್ತನಾಮದಲ್ಲಿ ಹೊಸ ಟಾರಸ್ ರೂಪಿಸುತ್ತಿದ್ದ ಡಿಕ್ ಲ್ಯಾಂಡ್‌ಗ್ರಾಫ್ ಅವರ ತಂಡ ಆ ಕ್ಯಾಮ್ರಿಯನ್ನು ಬಿಚ್ಚಿ ನೋಡಿ, ಅದನ್ನೇ ಗುರಿಯಾಗಿ ಇಟ್ಟುಕೊಂಡಿತು. ಪತ್ರಕರ್ತೆ ಮೇರಿ ವಾಲ್ಟನ್ ಈ ತಂಡದ ಜೊತೆಗಿದ್ದು ಅದರ ಕಥೆಯನ್ನು ಪುಸ್ತಕವಾಗಿ ಬರೆದಿದ್ದಾರೆ. ಕಾರು ಹುಟ್ಟುವ ಬಗೆಯನ್ನು ಹೊರಗಿನವರು ಇಷ್ಟು ಹತ್ತಿರದಿಂದ ಕಂಡದ್ದು ಅಪರೂಪ.

ಇಲ್ಲಿಯೇ ತೊಡಕು ಇತ್ತು. ಒಂದು ಕಾರನ್ನು ಹೊಸದಾಗಿ ರೂಪಿಸಲು ಆಗ ನಾಲ್ಕೈದು ವರ್ಷ ಬೇಕಿತ್ತು. ಅಷ್ಟರಲ್ಲಿ ಎದುರಾಳಿಯ ಕಾರೂ ಬದಲಾಗುತ್ತದೆ. ಫೋರ್ಡ್ ತಂಡ 1992ರ ಮಾದರಿಯ ಕ್ಯಾಮ್ರಿಯನ್ನು ಸರಿಗಟ್ಟಲು ದೇಹದ ಬಿಗುವು ಹೆಚ್ಚಿಸಿತು, ಹೊಸ ಎಂಜಿನ್ ಕೂರಿಸಿತು, ಖರ್ಚನ್ನೂ ಏರಿಸಿತು. ಅದೇ ಹೊತ್ತಿಗೆ ಯೆನ್ ಬಲಗೊಂಡು, 1995ರಲ್ಲಿ ಡಾಲರ್ ಒಮ್ಮೆ 80 ಯೆನ್‌ಗಿಂತಲೂ ಕೆಳಗಿಳಿಯಿತು. ಜಪಾನಿನ ಸರಕು ಅಮೆರಿಕದಲ್ಲಿ ದುಬಾರಿಯಾದ್ದರಿಂದ ಟೊಯೋಟಾ ತನ್ನ ಮುಂದಿನ ಕ್ಯಾಮ್ರಿಯಲ್ಲಿ ಖರ್ಚು ಕಡಿಮೆ ಮಾಡಲು ಹೊರಟಿತು. ಹೀಗೆ ಒಂದು ಕಂಪನಿ ಮೇಲಕ್ಕೆ ಹತ್ತುತ್ತಿದ್ದಾಗ ಇನ್ನೊಂದು ಕೆಳಗಿಳಿಯುತ್ತಿತ್ತು.

1995ರ ಶರತ್ಕಾಲದಲ್ಲಿ ಹೊಸ ಟಾರಸ್ ಹೊರಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಂಡಾಕಾರ. ಹಿಂದಿನ ಗಾಜು ಅಂಡಾಕಾರ, ಡ್ಯಾಶ್‌ಬೋರ್ಡಿನಲ್ಲಿ ರೇಡಿಯೊ ಮತ್ತು ಏಸಿ ಗುಂಡಿಗಳನ್ನು ಸೇರಿಸಿದ್ದ ಫಲಕವೂ ಅಂಡಾಕಾರ. 1985ರ ಧೈರ್ಯವನ್ನು ಮತ್ತೆ ತೋರಬೇಕೆಂಬ ಹಂಬಲ ಅದರಲ್ಲಿತ್ತು. ಆದರೆ ಮೊದಲ ಟಾರಸ್ಸಿನ ದುಂಡುತನಕ್ಕೆ ಗಾಳಿ ಮತ್ತು ಇಂಧನದ ಲೆಕ್ಕಾಚಾರ ಆಧಾರವಾಗಿತ್ತು. ಈ ಬಾರಿಯ ಅಂಡಾಕಾರ ಬಹುಪಾಲು ಅಲಂಕಾರವಾಗಿಯೇ ಉಳಿಯಿತು. ಬೆಲೆಯೂ ಏರಿತ್ತು. ಗಿರಾಕಿಗಳು ಹಿಂಜರಿದಾಗ ಫೋರ್ಡ್ ‘ಜಿ’ ಎಂಬ ಅಗ್ಗದ ಆವೃತ್ತಿಯನ್ನು ತರಬೇಕಾಯಿತು. 1996ರಲ್ಲಿ ಟಾರಸ್ ಮೊದಲ ಸ್ಥಾನವನ್ನು ಉಳಿಸಿಕೊಂಡಿತಾದರೂ ಅದಕ್ಕೆ ಬಾಡಿಗೆ ಕಂಪನಿಗಳಿಗೆ ಸಗಟಾಗಿ ಮಾರಿದ ಕಾರುಗಳ ನೆರವು ದೊಡ್ಡದಿತ್ತು. ಅದೇ ವರ್ಷದ ಕೊನೆಗೆ ಸರಳವಾದ, ಬೆಲೆ ಹಿಡಿತದಲ್ಲಿದ್ದ ಹೊಸ ಕ್ಯಾಮ್ರಿ ಬಂತು. 1997ರಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಟಾರಸ್ ಮತ್ತೆಂದೂ ಆ ಸ್ಥಾನಕ್ಕೆ ಮರಳಲಿಲ್ಲ.

ಫೋರ್ಡ್ 2000ದ ಮಾದರಿಯಲ್ಲಿ ಅಂಡಾಕಾರವನ್ನು ಕೈಬಿಟ್ಟು ಶಾಂತ ರೂಪಕ್ಕೆ ಹಿಂದಿರುಗಿತು. 2006ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾ ಕಾರ್ಖಾನೆಯಲ್ಲಿ ಆ ಸಾಲಿನ ಕೊನೆಯ ಕಾರು ತಯಾರಾಯಿತು. ಬೋಯಿಂಗ್‌ನಿಂದ ಬಂದು ಆ ವರ್ಷವೇ ಫೋರ್ಡ್ ಮುಖ್ಯಸ್ಥರಾದ ಅಲನ್ ಮುಲಾಲಿ ಇಷ್ಟು ಹೆಸರುವಾಸಿಯಾದ ಕಾರನ್ನು ನಿಲ್ಲಿಸಿದ್ದನ್ನು ಒಪ್ಪದೆ, ‘ಫೈವ್ ಹಂಡ್ರೆಡ್’ ಎಂಬ ಇನ್ನೊಂದು ಸೆಡಾನಿಗೆ 2008ರ ಮಾದರಿಯಿಂದ ಟಾರಸ್ ಹೆಸರನ್ನೇ ಇಡಿಸಿದರು. ಅಷ್ಟರಲ್ಲಿ ಅಮೆರಿಕದ ಕುಟುಂಬಗಳು ಎಸ್‌ಯುವಿಗಳತ್ತ ಸಾಗಿದ್ದವು. 2019ರ ಮಾರ್ಚ್‌ನಲ್ಲಿ ಶಿಕಾಗೊ ಕಾರ್ಖಾನೆಯಲ್ಲಿ ಟಾರಸ್ ತಯಾರಿಕೆ ನಿಂತಿತು.