ಗುಡ್ಡಗಾಡಿನ ಸಣ್ಣ ಕೋವಿ

ಒಂದು ಪೌಂಡ್ ಸೀಸ ಕರಗಿಸಿ ಐವತ್ತರ ಅಚ್ಚಿಗೆ ಹೊಯ್ದರೆ ಸುಮಾರು 40 ಗುಂಡು ಸಿಗುತ್ತವೆ. ಅದೇ ಸೀಸವನ್ನು ಮೂವತ್ತೆರಡರ ಅಚ್ಚಿಗೆ ಹೊಯ್ದರೆ 150ಕ್ಕೂ ಹೆಚ್ಚು. ಐವತ್ತು, ಮೂವತ್ತೆರಡು ಎನ್ನುವುದು ನಳಿಗೆಯ ಒಳಗಿನ ಅಗಲ, ಇಂಚನ್ನು ನೂರು ಪಾಲು ಮಾಡಿದ ಲೆಕ್ಕ. ಮೂವತ್ತೆರಡೆಂದರೆ 8 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಮದ್ದೂ ಮೂರನೇ ಒಂದು ಪಾಲಿನಷ್ಟು ಸಾಕು. ಸೀಸ, ಮದ್ದು ಎರಡನ್ನೂ ದೂರದ ಅಂಗಡಿಯಿಂದ ದುಡ್ಡು ಕೊಟ್ಟೋ ಚರ್ಮ ಕೊಟ್ಟೋ ತರಬೇಕಾಗಿದ್ದ ಅಪಲೇಚಿಯನ್ ಬೆಟ್ಟಸಾಲಿನ ಬಡ ಸಂಸಾರಕ್ಕೆ ಈ ಲೆಕ್ಕ ಅನ್ನದ ಲೆಕ್ಕವಾಗಿತ್ತು. ಅಲ್ಲಿ ದಿನವೂ ಸಿಗುತ್ತಿದ್ದ ಬೇಟೆ ಅಳಿಲು. ಐವತ್ತರ ಗುಂಡು ತಗುಲಿದ ಅಳಿಲಿನಲ್ಲಿ ಸಾರಿಗೆ ಹಾಕಲು ಏನೂ ಉಳಿಯುವುದಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಸಣ್ಣ ನಳಿಗೆಯ ಚಕಮಕಿ ಕೋವಿ ಎಂದರೆ ಮಕ್ಕಳ ಕೋವಿ, ಪೆನ್ಸಿಲ್ವೇನಿಯದ ಮಹಾನ್ ಕೋವಿ ಸೊರಗಿ ಉಳಿದ ಪಳೆಯುಳಿಕೆ ಎಂಬ ಮಾತು ಈಚೆಗೆ ಬಲವಾಗುತ್ತಿದೆ. ಸಂಗ್ರಾಹಕರು ಹಾಗೆ ಬರೆಯುತ್ತಾರೆ, ಹೊಸದಾಗಿ ಕಸುಬು ಕಲಿಯುವವರು ಅದನ್ನೇ ನಂಬುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಪೂರ್ವ ಟೆನೆಸಿಯಲ್ಲಿ ಕೂತು ಇಂಥ ಕೋವಿಗಳನ್ನೇ ಕೈಯಲ್ಲಿ ಮಾಡುತ್ತಿರುವ ನನಗೆ ಈ ಮಾತು ಸರಿ ಎನಿಸಿಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿಗೆ ಗಜ ಹಾಕಿ ಈಡು ಜಡಿಯುತ್ತಿದ್ದ ಹುಡುಗ ನಾನು. ನಳಿಗೆ, ಕುದುರೆ, ಕಿವಿ, ರಂಜಕ ಎಂಬ ಪದಗಳು ನನಗೆ ಅಲ್ಲಿಂದಲೇ ಬಂದವು. ಇಲ್ಲಿನ ಕೆಲಸವನ್ನು ವಿವರಿಸಲು ಇವಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಹಳೆಯ ಕಥೆ ಬೇಗ ಮುಗಿಯುತ್ತದೆ. ಬತ್ತಿಯ ಬದಲು ಕಲ್ಲಿನ ಕಿಡಿಯಿಂದ ರಂಜಕವನ್ನು, ಅಂದರೆ ಈಡಿಗೆ ಬೆಂಕಿ ಮುಟ್ಟಿಸುವ ಚಿಟಿಕೆ ಮದ್ದನ್ನು, ಹೊತ್ತಿಸುವ ಪೂರ್ಣರೂಪದ ಚಕಮಕಿ ಯಂತ್ರವನ್ನು 1610ರ ಸುಮಾರಿಗೆ ಫ್ರಾನ್ಸಿನ ಮಾರಿನ್ ಲ ಬೂರ್ಜ್ವಾ ರೂಪಿಸಿದನೆಂಬುದು ಒಪ್ಪಿತ ಮಾತು. ನಳಿಗೆಯೊಳಗೆ ತಿರುಪು ಗೆರೆ ಕೊರೆಯುವ ವಿದ್ಯೆ ಅದಕ್ಕಿಂತ ಹಳೆಯದು, ಜರ್ಮನ್ ನಾಡುಗಳದ್ದು. 18ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ಮತ್ತು ಸ್ವಿಸ್ ವಲಸಿಗರು ತಮ್ಮ ಗಿಡ್ಡ, ದಪ್ಪ ಯೇಗರ್ ಕೋವಿಯನ್ನು ಪೆನ್ಸಿಲ್ವೇನಿಯಕ್ಕೆ ತಂದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ನಳಿಗೆ 42ರಿಂದ 46 ಇಂಚಿಗೆ ಬೆಳೆಯಿತು, ಹಿಡಿ ಸಪೂರವಾಯಿತು, ಅಲೆಗೆರೆಯ ಮೇಪಲ್ ಮರ ಬಂತು, ಪಕ್ಕದಲ್ಲಿ ಹಿತ್ತಾಳೆಯ ಮುಚ್ಚಳದ ಪೆಟ್ಟಿಗೆ ಬಂತು. ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್, ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಮೊರೇವಿಯನ್ ವಸಾಹತಿನ ಕ್ರಿಶ್ಚಿಯನ್ ಆರ್ಟರ್, ಮೇರಿಲ್ಯಾಂಡಿನ ಜಾನ್ ಆರ್ಮ್‌ಸ್ಟ್ರಾಂಗ್ ಇವರ ಕೆಲಸದ ಬಗ್ಗೆ ಒಂದು ಕಪಾಟಿನಷ್ಟು ಪುಸ್ತಕಗಳಿವೆ. ಅದನ್ನೆಲ್ಲ ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ.

ಎರಡು ತಪ್ಪು ತಿಳಿವಳಿಕೆಗಳನ್ನು ಮಾತ್ರ ತಿದ್ದಬೇಕು. ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಈ ಕೋವಿಯೇ ಗೆದ್ದುಕೊಟ್ಟಿತು ಎನ್ನುತ್ತಾರೆ. ಆ ಯುದ್ಧದ ಬಹುಪಾಲು ಸೈನಿಕರ ಕೈಯಲ್ಲಿದ್ದದ್ದು ಒಳಗೆ ಗೆರೆಯಿಲ್ಲದ ಮಸ್ಕೆಟ್. ಇನ್ನೊಂದು ಮಾತು, ಒಬ್ಬನೇ ಕಸುಬುದಾರ ಕಾಡಂಚಿನ ಗುಡಿಸಲಲ್ಲಿ ಕೂತು ಮೊಳೆಯಿಂದ ಹಿಡಿದು ನಳಿಗೆಯವರೆಗೆ ಎಲ್ಲವನ್ನೂ ತಾನೇ ಮಾಡುತ್ತಿದ್ದ ಎಂಬುದು. ಲ್ಯಾಂಕಾಸ್ಟರಿನ ಸುತ್ತ ನೀರಿನ ಚಕ್ರದಿಂದ ನಳಿಗೆ ಕೊರೆಯುವ ಗಿರಣಿಗಳಿದ್ದವು. ಚಕಮಕಿ ಯಂತ್ರಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಶಿಷ್ಯರಿದ್ದರು, ಸಂಬಳದ ಆಳುಗಳಿದ್ದರು. ಎಲ್ಲವನ್ನೂ ಒಂದೇ ಸೂರಿನಡಿ ಮಾಡಲೇಬೇಕಾದ ಅನಿವಾರ್ಯ ಹೆಚ್ಚಾಗಿ ಬಿದ್ದದ್ದು ದಕ್ಷಿಣದ ಬೆಟ್ಟಗಳಲ್ಲಿ, ಅದೂ 19ನೇ ಶತಮಾನದಲ್ಲಿ, ಪುಸ್ತಕಗಳು ‘ಸುವರ್ಣಯುಗ ಮುಗಿಯಿತು’ ಎಂದು ಅಧ್ಯಾಯ ಮುಚ್ಚುವ ಹೊತ್ತಿನಲ್ಲಿ.

ಅಲ್ಲಿಯೇ ಸಣ್ಣ ನಳಿಗೆ ಹುಟ್ಟಿದ್ದು. ವಸಾಹತು ಕಾಲದ ಕೋವಿಗಳು ಹೆಚ್ಚಾಗಿ ಐವತ್ತರ ಆಚೀಚೆಯವು. ಜಿಂಕೆ, ಕರಡಿಗಳು ತೆಳುವಾಗುತ್ತ ಬಂದಂತೆ ನಳಿಗೆಯ ಬಾಯಿ ನಲವತ್ತಕ್ಕೆ, ಮೂವತ್ತಾರಕ್ಕೆ, ಮೂವತ್ತೆರಡಕ್ಕೆ ಇಳಿಯಿತು. ಟೆನೆಸಿಯ ಜೋನ್ಸ್‌ಬರೋ ಸುತ್ತಲಿನ ಬೀನ್ ಮನೆತನ, ಉತ್ತರ ಕ್ಯಾರೊಲೈನದ ಮಿಲ್ಸ್ ರಿವರಿನ ಗಿಲೆಸ್ಪಿ ಮನೆತನ ತಲೆಮಾರುಗಳ ಕಾಲ ಇಂಥ ಕೋವಿ ಮಾಡಿದವು. ಹಿತ್ತಾಳೆಯ ಜಾಗಕ್ಕೆ ಕುಲುಮೆಯಲ್ಲಿ ಬಡಿದ ಕಬ್ಬಿಣ ಬಂತು. ಮೇಪಲ್ ಸಿಗದಿದ್ದರೆ ವಾಲ್‌ನಟ್ ಆದೀತು. ಕೆತ್ತನೆ ಇಲ್ಲ, ಬೆಳ್ಳಿ ಇಲ್ಲ. ಎಷ್ಟೋ ಕೋವಿಗಳಲ್ಲಿ ಮುಚ್ಚಳದ ಪೆಟ್ಟಿಗೆಯ ಬದಲು ಹಿಡಿಯ ಮರದಲ್ಲಿ ಕೊರೆದ ಒಂದು ದುಂಡು ಗುಳಿ ಮಾತ್ರ. ಗುಂಡಿಗೆ ಸುತ್ತುವ ಬಟ್ಟೆಚೂರಿಗೆ ಸವರುವ ಕೊಬ್ಬು ಅದರೊಳಗಿರುತ್ತಿತ್ತು. 1820-30ರ ದಶಕಗಳಲ್ಲಿ ಬಡಿದರೆ ಸಿಡಿಯುವ ಕೇಪು ಬಂದು ಚಕಮಕಿಯನ್ನು ಹಿಂದೆ ಹಾಕಿದ ಮೇಲೂ ಬೆಟ್ಟದವರು ಕಲ್ಲನ್ನು ಬಿಡಲಿಲ್ಲ. ಕೇಪು ಕೊಳ್ಳಬೇಕು, ಕಲ್ಲು ನೆಲದಲ್ಲಿ ಸಿಗುತ್ತದೆ. ಹಿಂದುಳಿದವರು ಎಂಬ ಹಣೆಪಟ್ಟಿಗೆ ಇದನ್ನೇ ಕಾರಣ ಮಾಡುವವರಿದ್ದಾರೆ. ನಾನು ಇದನ್ನು ವಿವೇಕ ಎನ್ನುತ್ತೇನೆ.

ಅಂತರ್ಯುದ್ಧದ ನಂತರ ಕಾರ್ಖಾನೆಯ ತೋಟಾಕೋವಿ ಎಲ್ಲೆಡೆ ಹಬ್ಬಿತು, ಕಸುಬು ಅಟ್ಟ ಸೇರಿತು. 1924ರಲ್ಲಿ ಕ್ಯಾಪ್ಟನ್ ಜಾನ್ ಡಿಲಿನ್ ಬರೆದ ‘ದಿ ಕೆಂಟಕಿ ರೈಫಲ್’ ಸಂಗ್ರಾಹಕರ ಕಣ್ಣು ತೆರೆಸಿತು. 1931ರಲ್ಲಿ ಒಹಾಯೋದ ಪೋರ್ಟ್ಸ್‌ಮತ್‌ನಲ್ಲಿ ನಡೆದ ಗುರಿಪಂದ್ಯಕ್ಕೆ ಜನ ಮನೆಯ ಹಳೆಯ ಕೋವಿಗಳನ್ನು ಹೊತ್ತು ತಂದರು. ಅದರ ಬೆನ್ನಿಗೇ, 1933ರಲ್ಲಿ, ರಾಷ್ಟ್ರೀಯ ಮಝಲ್ ಲೋಡಿಂಗ್ ರೈಫಲ್ ಸಂಘ ಹುಟ್ಟಿತು. ಜೋ ಕಿಂಡಿಗ್ 1960ರಲ್ಲಿ ಸುವರ್ಣಯುಗದ ಕೋವಿಗಳ ಮೇಲೆ ಪ್ರಕಟಿಸಿದ ಗ್ರಂಥ ಇಂದಿಗೂ ಮೇಲ್ಪಂಕ್ತಿ. ಆದರೆ ಆ ಗ್ರಂಥದ ಪ್ರೀತಿಯೆಲ್ಲ ಕೆತ್ತನೆಯ ಮೇಲೆ, ಹಿತ್ತಾಳೆಯ ಮೇಲೆ. ಕೋವಿಯನ್ನು ಅಲಂಕಾರದಿಂದ ಅಳೆಯುವ ರೂಢಿ ಅಲ್ಲಿ ಬೇರುಬಿಟ್ಟದ್ದು ಇನ್ನೂ ಹೋಗಿಲ್ಲ.

ಅದೇ ವರ್ಷಗಳಲ್ಲಿ ಟೆನೆಸಿಯ ಹ್ಯಾಕರ್ ಮಾರ್ಟಿನ್ (1895-1970) ಇಲ್ಲದಿದ್ದರೆ ನಮ್ಮ ಕಸುಬಿನ ಎಳೆಯೇ ತುಂಡಾಗುತ್ತಿತ್ತು. ಪುಸ್ತಕ ನೋಡಿ ಕಲಿತವನಲ್ಲ ಆತ. ಬೆಟ್ಟದ ಹಳೆಯ ಕಸುಬುದಾರರ ಹತಾರ, ಅವರ ರೀತಿ ಎರಡನ್ನೂ ಬಳಸುತ್ತ ಬಂದವನು. ಪುನರುಜ್ಜೀವನ ಎಂದರೆ ಸತ್ತದ್ದು ಎದ್ದು ಬಂದದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಬೆಟ್ಟದಲ್ಲಿ ಕಸುಬು ಪೂರ್ತಿ ಸತ್ತಿರಲೇ ಇಲ್ಲ.

ನನ್ನ ತಲೆಮಾರನ್ನು ಎಬ್ಬಿಸಿದ್ದು ಒಂದು ಚಲನಚಿತ್ರ. ವರ್ಜೀನಿಯದ ಕೊಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಕೋವಿ ಕಮ್ಮಟದ ಯಜಮಾನನಾಗಿದ್ದ ವಾಲೆಸ್ ಗಸ್ಲರ್ 18ನೇ ಶತಮಾನದ ಹತಾರಗಳಲ್ಲೇ ಇಡೀ ಕೋವಿಯೊಂದನ್ನು ಮಾಡುವುದನ್ನು ಅಲ್ಲಿನವರು 1969ರಲ್ಲಿ ಚಿತ್ರವಾಗಿ ಹೊರತಂದರು: ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’. ಕಬ್ಬಿಣದ ಪಟ್ಟಿ ಕಾದು ಕಡ್ಡಿಯ ಸುತ್ತ ಸುತ್ತಿಕೊಂಡು, ಸುತ್ತಿಗೆಯ ಪೆಟ್ಟಿಗೆ ಬೆಸೆದು ನಳಿಗೆಯಾಗುವುದನ್ನು ನಾನು ಮೊದಲು ಕಂಡದ್ದು ಅದರಲ್ಲಿ. ಸತತ ಮೂರು ದಿನ ನೋಡಿದೆ. ಗಸ್ಲರ್‌ನ ನಂತರ ಅದೇ ಕಮ್ಮಟ ನಡೆಸಿದ ಗ್ಯಾರಿ ಬ್ರಂಫೀಲ್ಡ್ ತಾನು ಬಲ್ಲದ್ದನ್ನು ಬಚ್ಚಿಡದೆ ಹಂಚಿದವನು. ಕೆಂಟಕಿಯ ವುಡ್‌ಬರಿಯ ಹರ್ಷಲ್ ಹೌಸ್ ಮತ್ತು ಅವನ ತಮ್ಮಂದಿರು ಕಬ್ಬಿಣದ ಸಾಮಾನಿನ ಸಾದಾ ಕೋವಿಗೆ ಮತ್ತೆ ಮರ್ಯಾದೆ ತಂದರು. ಹೊಸ ಕೋವಿಗೆ ಹಳೆಯ ಬಳಕೆಯ ಮೈಬಣ್ಣ ಕೊಡುವ ಅವರ ರೀತಿಯನ್ನು ಅನುಕರಿಸಿದವರು ನೂರಾರು, ಅವರ ಕುಲುಮೆಯ ಕೆಲಸವನ್ನು ಕಲಿತವರು ಬೆರಳೆಣಿಕೆ. ಜಾರ್ಜಿಯದ ಬೆಟ್ಟದ ಶಾಲಾಮಕ್ಕಳು ಹಿರಿಯರನ್ನು ಮಾತಾಡಿಸಿ ಕಟ್ಟಿದ ‘ಫಾಕ್ಸ್‌ಫೈರ್’ ಮಾಲೆಯ ಐದನೇ ಸಂಪುಟ (1979) ಚಕಮಕಿ ಕೋವಿಗೆ ನೂರಾರು ಪುಟ ಕೊಟ್ಟಿತು. ವಿದ್ವಾಂಸರು ಮಾಡಬೇಕಾಗಿದ್ದ ಕೆಲಸವನ್ನು ಹೈಸ್ಕೂಲು ಮಕ್ಕಳು ಮಾಡಿದರು. ಸಮಕಾಲೀನ ಲಾಂಗ್‌ರೈಫಲ್ ಸಂಘ 1996ರಲ್ಲಿ ಹುಟ್ಟಿದ ಮೇಲೆ ಈಗಿನವರ ಕೆಲಸವನ್ನೂ ಕಲೆಯೆಂದು ನೋಡುವ ಕಣ್ಣು ಬಂತು.

ಜೊತೆಜೊತೆಗೇ ಬಿಡಿಭಾಗಗಳ ಅಂಗಡಿಗಳೂ ಬೆಳೆದವು. ಉತ್ತರ ಕ್ಯಾರೊಲೈನದ ಬಡ್ ಸೈಲರ್ ರೂಪಿಸಿದ ಎರಕದ ಚಕಮಕಿ ಯಂತ್ರ ಸಾವಿರಾರು ಹವ್ಯಾಸಿಗಳಿಗೆ ದಾರಿ ತೆರೆಯಿತು, ಅದರ ಋಣ ನನ್ನ ಮೇಲೂ ಇದೆ. ಈಗ ಗಣಕಯಂತ್ರವೇ ಹಿಡಿಯನ್ನು ಕೆತ್ತಿ ಕಳಿಸುತ್ತದೆ. ಅದನ್ನು ಜೋಡಿಸಿ ಎಣ್ಣೆ ಹಚ್ಚಿದವರು ‘ಕೈಯಲ್ಲಿ ಮಾಡಿದ್ದು’ ಎನ್ನುತ್ತಾರೆ. ಜೋಡಿಸುವುದು ತಪ್ಪಲ್ಲ, ಆ ಹೆಸರು ತಪ್ಪು.

ಸಣ್ಣ ನಳಿಗೆಯಲ್ಲಿ ಕೈಗೆ ಬೀಳುವ ಪರೀಕ್ಷೆಯೇ ಬೇರೆ. ಪಟ್ಟಿ ಬೆಸೆಯುವಾಗ ಒಳಗಿಡುವ ಕಡ್ಡಿ ಸಪೂರ. ಕ್ಷಣದಲ್ಲಿ ಕಾದು ಬಾಗುತ್ತದೆ, ಎಚ್ಚರ ತಪ್ಪಿದರೆ ನಳಿಗೆಗೇ ಅಂಟಿಕೊಳ್ಳುತ್ತದೆ. ತಿರುಪು ಗೆರೆ ಕೊರೆಯುವ ಹತಾರವೂ ಹಾಗೆಯೇ. ಸುರುಳಿ ಗಾಡಿ ಹೊಡೆದ ಮರದ ದಿಂಡು ತಿರುಗುತ್ತ ಮುಂದೆ ಹೋಗುತ್ತದೆ, ಅದರ ತುದಿಯ ಹಿಕೋರಿ ಕಡ್ಡಿಯಲ್ಲಿ ಕೂತ ಉಕ್ಕಿನ ಪುಟ್ಟ ಹಲ್ಲು ಒಳಗೋಡೆಯನ್ನು ಕೆರೆಯುತ್ತದೆ. ಎಳೆದಾಗ ಹೊರಬರುವುದು ತಲೆಗೂದಲಿನಂಥ ಕಬ್ಬಿಣದ ಎಳೆ. ಏಳು ಗೆರೆಗಳನ್ನೂ ಸುತ್ತಿ ಬಂದು, ಹಲ್ಲು ಕಚ್ಚದಾದಾಗ ಅದರ ಅಡಿಗೆ ಒಂದು ಚೂರು ಕಾಗದ ಇಡಬೇಕು, ಮತ್ತೆ ಶುರು. ಐವತ್ತರ ನಳಿಗೆಯಲ್ಲಿ ಕಡ್ಡಿ ದಪ್ಪ, ಗಟ್ಟಿಯಾಗಿ ನಿಲ್ಲುತ್ತದೆ. ಮೂವತ್ತೆರಡರಲ್ಲಿ ಅದು ಬಳುಕುತ್ತದೆ, ಹಲ್ಲು ನಡುಗುತ್ತದೆ, ಗೆರೆಯ ತಳದಲ್ಲಿ ಅಲೆ ಏಳುತ್ತದೆ. ಅದನ್ನು ಕಣ್ಣು ಕಾಣುವುದಿಲ್ಲ, ಎಳೆಯುವ ಅಂಗೈಗೆ ಗೊತ್ತಾಗುತ್ತದೆ.

ಮರದ ಕೆಲಸಕ್ಕೆ ಬಂದರೆ, ನಳಿಗೆಯ ಕೆಳಗೆ ಗಜಕ್ಕೆಂದು ಉದ್ದಕ್ಕೂ ದಾರಿ ಬಿಡಬೇಕು, ಹಿಂಭಾಗದಲ್ಲಿ ಅದು ಮುಚ್ಚಿದ ತೂತು. ನಳಿಗೆಗೂ ಆ ತೂತಿಗೂ ನಡುವೆ ಉಳಿಯುವ ಮರ 3 ಮಿಲಿಮೀಟರಿನಷ್ಟು. ಚಕಮಕಿ ಯಂತ್ರದ ಮುಂದಿನ ತಿರುಪು ಆ ಸಂದಿಯಲ್ಲೇ ಅಡ್ಡ ಹಾಯಬೇಕು. 2009ರಲ್ಲಿ ಎಂಟು ತಿಂಗಳ ಕೆಲಸದ ಹಿಡಿಯೊಂದರಲ್ಲಿ ನನ್ನ ಬೈರಿಗೆ ಮರದ ಎಳೆಯ ಜೊತೆ ಜಾರಿ ಮೇಲಕ್ಕೆ ಹೋಯಿತು. ನಳಿಗೆ ಕೂರುವ ಗಾಡಿಯ ತಳದಲ್ಲಿ ಬೈರಿಗೆಯ ತುದಿ ಮಿಂಚಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆ ಮರ ಒಲೆಗೆ ಹೋಯಿತು. ದಪ್ಪ ಕೋವಿಯಲ್ಲಾದರೆ ಆ ತಪ್ಪಿಗೆ ಜಾಗವಿರುತ್ತಿತ್ತು. ಸಣ್ಣ ಕೋವಿಯ ಚೆಲುವೆಲ್ಲ ಸಪೂರದಲ್ಲಿರುವುದರಿಂದ ಅಲ್ಲಿ ಜಾಗವಿಲ್ಲ.

ಇಷ್ಟಾದರೂ ಬೆಟ್ಟದ ಕೋವಿಯ ಅಧ್ಯಯನ ಬಡವಾಗಿಯೇ ಇದೆ. ಟೆನೆಸಿಯ ನಾರಿಸ್‌ನಲ್ಲಿ ಅಪಲೇಚಿಯ ವಸ್ತುಸಂಗ್ರಹಾಲಯ ಕಟ್ಟಿದ ಜಾನ್ ರೈಸ್ ಅರ್ವಿನ್ ಕೋವಿಗಳ ಜೊತೆ ಹತಾರಗಳನ್ನೂ ಕೂಡಿಟ್ಟು ಅವುಗಳ ಮೇಲೆ ಪುಸ್ತಕ ಬರೆದ. ಉತ್ತರ ಕ್ಯಾರೊಲೈನದ ಕೋವಿ ಪರಂಪರೆಗಳ ಬಗ್ಗೆ ವಿಲಿಯಂ ಐವಿಯ ದೊಡ್ಡ ಗ್ರಂಥ ಬಂತು. ಆದರೆ ನಳಿಗೆಯ ಒಳಗನ್ನು ನೋಡುವವರು ಕಡಿಮೆ. ಕರಿಮದ್ದಿನ ಮಸಿ ತುಕ್ಕು ಹಿಡಿಸುತ್ತದೆ, ಗೆರೆ ಸವೆಯುತ್ತದೆ. ಆಗ ಕೋವಿಯನ್ನು ಕಸುಬುದಾರನಿಗೆ ಒಯ್ದು ಗೆರೆಯನ್ನು ಹೊಸದಾಗಿ ಕೊರೆಸುವುದು, ಹೊಸ ಅಳತೆಯ ಅಚ್ಚು ಮಾಡಿಸುವುದು ವಾಡಿಕೆಯಾಗಿತ್ತು. ಪ್ರತಿ ಸಲವೂ ನಳಿಗೆಯ ಬಾಯಿ ತುಸು ಹಿಗ್ಗುತ್ತಿತ್ತು. ಇಂದು ನಲವತ್ತೆಂದು ಅಳತೆ ಬರೆದಿಟ್ಟ ಕೋವಿ ಹುಟ್ಟಿದಾಗ ಮೂವತ್ತಾರಾಗಿದ್ದಿರಬಹುದು. ಮೂಲದಲ್ಲಿ ಸಣ್ಣ ನಳಿಗೆಗಳು ವಿರಳ ಎಂದು ಪಟ್ಟಿ ತೋರಿಸಿ ವಾದಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕೆ ಬೆಟ್ಟದ ಕಬ್ಬಿಣದ ಕೋವಿಯೊಂದನ್ನು ಒಯ್ದಿದ್ದೆ. ಹೆಸರಿಲ್ಲದ ಕಸುಬುದಾರನದು, ಕೊಬ್ಬಿನ ಗುಳಿಯಲ್ಲಿ ಹಳೆಯ ಜಿಡ್ಡು ಇನ್ನೂ ಇತ್ತು. ನೋಡುವಂಥದ್ದೇನೂ ಇದರಲ್ಲಿಲ್ಲ ಎಂದು ಹಿಂದಿರುಗಿಸಿದರು. ಆ ದಿನದ ನೋವು ಇನ್ನೂ ಆರಿಲ್ಲ. ಅದರ ನಳಿಗೆಯ ಎಂಟು ಮುಖಗಳನ್ನೂ ಅರದಲ್ಲೇ ಉಜ್ಜಿ ಹೊರಟ ಒಬ್ಬ ಮನುಷ್ಯನ ಕೈ ಎಲ್ಲಿ ತಡೆಯಿತು, ಎಲ್ಲಿ ಸಲೀಸಾಗಿ ಓಡಿತು ಎಂಬುದೆಲ್ಲ ಆ ಗೀರುಗಳಲ್ಲಿ ಓದುವಂತಿತ್ತು.

ಕನ್ನಡ ಓದುಗರಲ್ಲಿ ನನ್ನದೊಂದು ಕೋರಿಕೆಯಿದೆ. ನಮ್ಮ ನಾಡಿಗೂ ಈ ಕಸುಬು ಹೊಸದಲ್ಲ. ಶ್ರೀರಂಗಪಟ್ಟಣದ ಟಿಪ್ಪುವಿನ ಕಾರ್ಖಾನೆಗಳಲ್ಲಿ ಕಲ್ಲು ಕಚ್ಚುವ ಹುಲಿಮುಖದ ಕುದುರೆ, ಹುಲಿಪಟ್ಟೆಯ ಗುರುತು ಇರುವ ಚಕಮಕಿ ಕೋವಿಗಳು ತಯಾರಾಗಿದ್ದವು, ಇಂದು ವಿದೇಶಗಳ ಸಂಗ್ರಹಗಳಲ್ಲಿವೆ. ಅವುಗಳ ಬಂಗಾರದ ಅಕ್ಷರದ ಬಗ್ಗೆ ಬರೆದಷ್ಟು ಅವನ್ನು ಮಾಡಿದ ಕೈಗಳ ಬಗ್ಗೆ ಯಾರೂ ಬರೆದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಇಂದಿಗೂ ಕೋವಿಗೆ ಹೂವಿಟ್ಟು ಪೂಜೆಯಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಪರವಾನಗಿಯ ಹಳೆಯ ಕೇಪಿನ ಕೋವಿಗಳು ಇನ್ನೂ ಇವೆ. ಪರವಾನಗಿಯಿಲ್ಲದೆ ಕೋವಿ ಮಾಡುವುದು ನಮ್ಮಲ್ಲಿ ಅಪರಾಧ, ಅದಕ್ಕೆ ಕೈ ಹಾಕಬೇಡಿ. ಇರುವುದನ್ನು ಕಾಪಾಡಿ. ತುಕ್ಕು ತೆಗೆಯುತ್ತೇವೆಂದು ಮರಳುಕಾಗದದಿಂದ ಉಜ್ಜಬೇಡಿ, ಹಿಡಿಗೆ ವಾರ್ನಿಷ್ ಬಳಿಯಬೇಡಿ. ಒಳಗೆ ಈಡು ಇಲ್ಲವೆಂದು ಬಲ್ಲವರಿಂದ ಖಚಿತಪಡಿಸಿಕೊಂಡ ಮೇಲೆ, ಯಂತ್ರವನ್ನು ಅವರಿಂದಲೇ ಬಿಚ್ಚಿಸಿ ಒಳಮೈಯ ಚಿತ್ರ ತೆಗೆದಿಡಿ. ರಿಪೇರಿ ಮಾಡುತ್ತಿದ್ದ ಆಚಾರಿಯ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ, ಅದನ್ನು ಈ ವಾರವೇ ಬರೆದುಕೊಳ್ಳಿ.